ಯುದ್ಧನೌಕೆಯ ಮಾದರಿ: ಮೊದಲು ತಾರೀಖು, ಆಮೇಲೆ ಗರಗಸ

ಉಡುಪಿಯಲ್ಲಿ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಕಾರವಾರದ ಕಡಲ ತೀರದಲ್ಲಿ ಐಎನ್‌ಎಸ್ ಚಪಲ್‌ನ ಪಕ್ಕ ನಿಂತಿರಬಹುದು. 1976ರಲ್ಲಿ ನೌಕಾಪಡೆಗೆ ಸೇರಿ 2005ರಲ್ಲಿ ನಿವೃತ್ತವಾದ ಈ ಕ್ಷಿಪಣಿ ದೋಣಿಯನ್ನು ದಡಕ್ಕೇರಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಯುದ್ಧನೌಕೆಯ ಮಾದರಿ ಕಟ್ಟಬೇಕೆಂದು ಹೊರಟ ಕರಾವಳಿಯವರಿಗೆಲ್ಲ ನಾನು ಮೊದಲು ಹೇಳುವುದು ಈ ಪ್ರಯಾಣವನ್ನೇ. ಕೈಗೆಟಕುವಷ್ಟು ಹತ್ತಿರದಲ್ಲಿ, ಸುತ್ತು ಹಾಕಿ ನೋಡಬಹುದಾದ ನಿಜವಾದ ಯುದ್ಧನೌಕೆ ಒಂದೇ ದಿನದ ಪ್ರಯಾಣದಲ್ಲಿ ಸಿಗುವುದು ಸಣ್ಣ ಭಾಗ್ಯವಲ್ಲ.

ಆದರೆ ಆ ದಾರಿಯಲ್ಲೇ ಒಂದು ಹೊಂಡವೂ ಇದೆ. ನಾನು ಅದರಲ್ಲಿ ಬಿದ್ದು ಎದ್ದವನು. ವರ್ಷಗಳ ಹಿಂದೆ ಒಂದು ಸಂಸ್ಥೆಯವರು “1971ರಲ್ಲಿ ಕರಾಚಿಗೆ ಹೊಡೆದ ದೋಣಿಯ ಮಾದರಿ ಬೇಕು” ಎಂದರು. ನಾನು ಕಾರವಾರಕ್ಕೆ ಎರಡು ಸಲ ಹೋಗಿ ಚಪಲ್‌ನ ಅಳತೆ, ಚಿತ್ರ ಎಲ್ಲ ತಂದು ನಾಲ್ಕು ತಿಂಗಳು ಕೂತು ಕಟ್ಟಿದೆ. ನೋಡಲು ಬಂದ ನೌಕಾಪಡೆಯ ನಿವೃತ್ತರೊಬ್ಬರು ಕನ್ನಡಕ ಸರಿಪಡಿಸಿಕೊಂಡು, “ಕೆಲಸ ಚೆನ್ನಾಗಿದೆ ಮಾಸ್ಟ್ರೇ. ಆದರೆ ಆವತ್ತಿನ ದೋಣಿಗಳಲ್ಲಿ ಕೊಳವೆ ಇರಲಿಲ್ಲ, ಡಬ್ಬ ಇತ್ತು” ಎಂದರು. ಅವರ ಮಾತು ಅಕ್ಷರಶಃ ನಿಜ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದ ನಿಪಟ್, ನಿರ್ಘಾಟ್, ವೀರ್ ಮೂರೂ ಸೋವಿಯತ್ ಒಕ್ಕೂಟದ ಓಸಾ ವರ್ಗದ ಮೊದಲ ಮಾದರಿಯವು. ಅವುಗಳ ನಾಲ್ಕು ಕ್ಷಿಪಣಿ ಗೂಡುಗಳು ಪೆಟ್ಟಿಗೆಯ ಆಕಾರದವು. ಚಪಲ್ ಎರಡನೆಯ ಮಾದರಿ. ಅದರ ಗೂಡುಗಳು ದುಂಡು ಕೊಳವೆಗಳು. ಮೈಕಟ್ಟು ಹೆಚ್ಚು ಕಡಿಮೆ ಒಂದೇ ಆದ್ದರಿಂದ ನನಗೆ ಸಂಶಯವೇ ಬಂದಿರಲಿಲ್ಲ. ನಾಲ್ಕೂ ಕೊಳವೆಗಳನ್ನು ಕಿತ್ತು ಹೊಸದಾಗಿ ಮಾಡಿದೆ. ಕಿತ್ತವು ಈಗಲೂ ಮೇಜಿನ ಖಾನೆಯಲ್ಲಿವೆ.

ಹಾಗಾಗಿ ಹೇಳುತ್ತೇನೆ, ಕೆಲಸ ಶುರುವಾಗುವುದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ತಾರೀಖು ಬರೆಯುವುದರಿಂದ.

ಯಾವ ದಿನದ ಹಡಗು?

ಮನೆಯ ಶೋಕೇಸಿಗೆ ಕಟ್ಟುವ ಮಾದರಿ ಚೆಂದ ಕಂಡರೆ ಸಾಕು. ವಸ್ತುಸಂಗ್ರಹಾಲಯದಲ್ಲಿ ಇಡುವ ಮಾದರಿ ದಾಖಲೆ. ಅದರ ಮುಂದೆ ನಿಂತ ಶಾಲೆಯ ಹುಡುಗಿ ಅದನ್ನೇ ನಿಜವೆಂದು ತಿಳಿದು ಮನೆಗೆ ಹೋಗುತ್ತಾಳೆ. ಹಡಗುಗಳೋ, ಮನುಷ್ಯರ ಹಾಗೆ ವಯಸ್ಸಿನೊಂದಿಗೆ ಮುಖ ಬದಲಾಯಿಸುತ್ತವೆ.

ನಮ್ಮವರಿಗೆ ಹೆಸರಿನಿಂದಲೇ ಪ್ರೀತಿ ಹುಟ್ಟಿಸುವ ಐಎನ್‌ಎಸ್ ಮೈಸೂರನ್ನೇ ತೆಗೆದುಕೊಳ್ಳಿ. ಅದು 1939ರಲ್ಲಿ ಬ್ರಿಟನ್ನಿನಲ್ಲಿ ನೈಜೀರಿಯಾ ಎಂಬ ಹೆಸರಿನಿಂದ ನೀರಿಗಿಳಿದ ಕ್ರೂಸರ್. ಆಗ ಅದಕ್ಕೆ ಆರಂಗುಲದ 12 ಫಿರಂಗಿಗಳು, ಮೂರು ಮೂರರಂತೆ ನಾಲ್ಕು ಗೋಪುರಗಳಲ್ಲಿ. 1957ರಲ್ಲಿ ಭಾರತದ ನೌಕಾಪಡೆಗೆ ಸೇರಿದ ಮೈಸೂರಿನಲ್ಲಿ ಗೋಪುರ ಮೂರು, ಫಿರಂಗಿ 9. ನೈಜೀರಿಯಾದ ನಕ್ಷೆ ಹಿಡಿದು ಕಟ್ಟಿ ಬದಿಯಲ್ಲಿ ಮೈಸೂರು ಎಂದು ಬರೆದರೆ ಅದು ಎಂದೂ ತೇಲದ ಹಡಗು. 1999ರಲ್ಲಿ ಸೇವೆಗೆ ಬಂದ ಇದೇ ಹೆಸರಿನ ವಿಧ್ವಂಸಕ ನೌಕೆ ಇನ್ನೊಂದೇ. ಹೆಸರು ನೋಡಿ ಚಿತ್ರ ಹುಡುಕುವವರು ಇಲ್ಲಿ ಎಡವುವುದನ್ನು ಕಂಡಿದ್ದೇನೆ.

ಬಣ್ಣದ ಮಾತೂ ಇಷ್ಟೇ. 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್ ಇದ್ದ ವಿಕ್ಟರಿ ಹಡಗನ್ನು ಎಷ್ಟೋ ದಶಕ ಗಾಢ ಹಳದಿಯಲ್ಲಿ ನೋಡಿದ್ದ ಜನ, 2015ರಲ್ಲಿ ಅದು ಪೇಲವ ಗುಲಾಬಿ ಛಾಯೆಯಲ್ಲಿ ನಿಂತಾಗ ಬೆಚ್ಚಿದರು. ಹಳೆಯ ಬಣ್ಣದ ಪದರಗಳನ್ನು ಪರೀಕ್ಷಿಸಿ 1805ರ ಬಣ್ಣ ಇದೇ ಎಂದು ನಿರ್ಧರಿಸಿದ್ದರು. ಪ್ರಪಂಚದ ತುಂಬ ಕಪಾಟುಗಳಲ್ಲಿದ್ದ ಮಾದರಿಗಳೆಲ್ಲ ಒಂದೇ ದಿನ ಹಳತಾದವು!

ಉಳ್ಳಾಲದ ಅಬ್ಬಕ್ಕನ ಹಡಗು ಕಟ್ಟಿಕೊಡಿ, ಟಿಪ್ಪುವಿನ ಹಡಗು ಕಟ್ಟಿಕೊಡಿ ಎಂದು ಮಂಗಳೂರಿನಲ್ಲಿ ಕೇಳುವವರಿದ್ದಾರೆ. ಸುಲ್ತಾನ್ ಬತ್ತೇರಿಯ ಮೇಲೆ ನಿಂತು ಗುರುಪುರ ಹೊಳೆಯ ಬಾಯಿ ನೋಡಿದರೆ ನನಗೂ ಆಸೆಯಾಗುತ್ತದೆ. ಆದರೆ ನಕ್ಷೆ ಕೈಯಲ್ಲಿಲ್ಲದೆ ಕಟ್ಟುವುದಾದರೆ ಫಲಕದಲ್ಲಿ “ಊಹೆಯ ಚಿತ್ರಣ” ಎಂದು ದೊಡ್ಡ ಅಕ್ಷರದಲ್ಲಿ ಬರೆಯಲು ಮೊದಲೇ ಒಪ್ಪಿಸಿ. ಒಪ್ಪದಿದ್ದರೆ ಕೈಮುಗಿದು ಬನ್ನಿ.

ನಕ್ಷೆ, ಚಿತ್ರ, ಅಳತೆ

ಬ್ರಿಟನ್ನಿನಲ್ಲಿ ಕಟ್ಟಿದ ಹಡಗಾದರೆ ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದ ನಕ್ಷೆಗಳ ಸಂಗ್ರಹದಲ್ಲಿ ಹುಡುಕಿ; ದುಡ್ಡು ಕೊಟ್ಟರೆ ಪ್ರತಿ ಸಿಗುತ್ತದೆ. ಕಟ್ಟುವ ಮೊದಲು ಬರೆದ ನಕ್ಷೆಗಿಂತ ಕಟ್ಟಿ ಮುಗಿದ ಮೇಲೆ ಇದ್ದದ್ದು ಇದ್ದ ಹಾಗೆ ಬರೆದ ನಕ್ಷೆಯನ್ನೇ ಕೇಳಿ.

ಪ್ರತಿ ಕೈಗೆ ಬಂದ ಕೂಡಲೇ ಅದರಲ್ಲಿರುವ ಅಳತೆಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಸ್ಕೇಲ್ ಇಟ್ಟು ನೋಡಬೇಕು. ಜೆರಾಕ್ಸ್ ಯಂತ್ರಗಳು ಕಾಗದ ಸಾಗುವ ದಿಕ್ಕಿನಲ್ಲಿ ಚಿತ್ರವನ್ನು ಒಂದಿಷ್ಟು ಎಳೆಯುತ್ತವೆ. ನೂರಕ್ಕೆ ಒಂದು ಪಾಲು ಎಳೆದರೂ 77 ಸೆಂಟಿಮೀಟರ್ ಮಾದರಿಯಲ್ಲಿ ಮುಕ್ಕಾಲು ಸೆಂಟಿಮೀಟರ್ ವ್ಯತ್ಯಾಸ.

ಹಡಗಿನ ಬಳಿ ಹೋಗುವಾಗ ಒಂದು ಮೀಟರ್ ಉದ್ದದ ಕೋಲಿಗೆ ಹತ್ತು ಹತ್ತು ಸೆಂಟಿಮೀಟರಿಗೆ ಕಪ್ಪು ಬಿಳುಪು ಬಣ್ಣ ಬಳಿದು ಒಯ್ಯಿರಿ. ಪ್ರತಿ ಚಿತ್ರದಲ್ಲಿಯೂ ಆ ಕೋಲು ಇರಲಿ. ದೂರ ನಿಂತು ಜೂಮ್ ಮಾಡಿ, ನೇರ ಎದುರಿನಿಂದ ತೆಗೆಯಿರಿ. ಹತ್ತಿರದಿಂದ ಓರೆಯಾಗಿ ತೆಗೆದ ಚಿತ್ರದಿಂದ ಅಳತೆ ಸಿಗುವುದಿಲ್ಲ. ಅಳೆಯಲು, ಏಣಿ ಇಡಲು ಅಲ್ಲಿನವರ ಅನುಮತಿ ಕೇಳಿ. ಕಾರವಾರದಲ್ಲಿ ಚಾಲ್ತಿಯಲ್ಲಿರುವ ನೌಕಾನೆಲೆಯೂ ಇದೆ. ಅತ್ತ ಕ್ಯಾಮೆರಾ ತಿರುಗಿಸುವ ತಂಟೆಗೆ ಹೋಗಬೇಡಿ. ಪ್ರದರ್ಶನಕ್ಕಿಟ್ಟ ಹಡಗಿನಿಂದ ಅಳತೆ ತೆಗೆದುಕೊಳ್ಳಬಹುದು, ಬಣ್ಣ ಬೇಡ. ಕಡಲಗಾಳಿಗೆ ನಿಂತ ಕಬ್ಬಿಣಕ್ಕೆ ಮತ್ತೆ ಮತ್ತೆ ಬಳಿದ ಬಣ್ಣ ಸೇವೆಯ ಕಾಲದ ಸಾಕ್ಷಿಯಾಗುವುದಿಲ್ಲ.

ಎಷ್ಟು ದೊಡ್ಡದು?

ಓಸಾ ದೋಣಿಯ ಉದ್ದ 38.6 ಮೀಟರ್, ಅಗಲ ಸುಮಾರು 7.6 ಮೀಟರ್. ಐವತ್ತನೇ ಒಂದಕ್ಕೆ ಇಳಿಸಿದರೆ ಮಾದರಿ 77 ಸೆಂಟಿಮೀಟರ್ ಉದ್ದ, 15 ಅಗಲ. ಮೊದಲ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಗಾತ್ರ ಇಲ್ಲ. ಡೆಕ್ಕಿನ ಮೇಲೆ ನಿಲ್ಲಿಸುವ ನಾವಿಕ ಮೂರೂವರೆ ಸೆಂಟಿಮೀಟರ್ ಇರುತ್ತಾನೆ; ನೋಡುವವರಿಗೆ ಹಡಗಿನ ಗಾತ್ರ ಥಟ್ಟನೆ ತಿಳಿಯುತ್ತದೆ. ಮೈಸೂರು 169 ಮೀಟರ್. ನೂರನೇ ಒಂದಕ್ಕೂ ಮಾದರಿ ಆಳುದ್ದವಾಗುತ್ತದೆ. ಅದನ್ನು ಇನ್ನೂರನೇ ಒಂದಕ್ಕೆ ಇಳಿಸಿ. 213 ಮೀಟರಿನ ಹಳೆಯ ವಿಮಾನವಾಹಕ ವಿಕ್ರಾಂತ್‌ಗೂ ಅದೇ ಪ್ರಮಾಣ.

ಇನ್ನೊಂದು ಅಳತೆಯನ್ನು ಯಾವ ಪುಸ್ತಕವೂ ಹೇಳುವುದಿಲ್ಲ: ನಿಮ್ಮ ಮನೆಯ ಬಾಗಿಲಿನದು. ನಮ್ಮ ಕಡೆಯ ಹಳೆಯ ಮನೆಗಳ ಉಪ್ಪರಿಗೆ ಮೆಟ್ಟಿಲು ಕಡಿದು, ತಿರುವು ಇಕ್ಕಟ್ಟು. ಉಪ್ಪರಿಗೆಯಲ್ಲಿ ಕಟ್ಟಿದ ಹಡಗು ಕೆಳಗಿಳಿಯದೆ ಕಿಟಕಿಯ ಸರಳು ಬಿಚ್ಚಿಸಿದವರನ್ನು ನಾನು ಬಲ್ಲೆ.

ಒಡಲು

ನನಗೆ ಒಗ್ಗಿದ್ದು ಹಲಗೆ ಪೇರಿಸುವ ವಿಧಾನ. ಪತ್ರೊಡೆಗೆ ಎಲೆಯ ಮೇಲೆ ಎಲೆ ಇಡುವ ಹಾಗೆ, ನಕ್ಷೆಯ ಒಂದೊಂದು ನೀರಿನ ರೇಖೆಗೆ, ಎಂದರೆ ಒಡಲನ್ನು ನೀರಿನ ಮಟ್ಟಕ್ಕೆ ಸಮವಾಗಿ ಕೊಯ್ದರೆ ಕಾಣುವ ಆಕಾರಕ್ಕೆ, ಒಂದೊಂದು ಹಲಗೆ. ಹಲಗೆಯ ದಪ್ಪ ಎರಡು ರೇಖೆಗಳ ನಡುವಿನ ಅಂತರದಷ್ಟೇ ಇರಬೇಕು. ಪ್ರತಿ ಹಲಗೆಯನ್ನೂ ಆ ರೇಖೆಯ ಆಕಾರಕ್ಕೆ ಕತ್ತರಿಸಿ, ನಡುವನ್ನು ಪೊಳ್ಳು ಮಾಡಿ, ಒಂದರ ಮೇಲೊಂದು ಅಂಟಿಸಿದರೆ ಮೆಟ್ಟಿಲು ಮೆಟ್ಟಿಲಾದ ಹಡಗು ಸಿಗುತ್ತದೆ. ಪೊಳ್ಳು ಮಾಡದೆ ಇಡೀ ದಿಮ್ಮಿಯನ್ನು ಬಿಟ್ಟರೆ ಎರಡು ಬೇಸಗೆಯಲ್ಲಿ ಸೀಳು ಬಿಡುತ್ತದೆ. ಅಂಟಿಸುವಾಗ ಮರದ ತಿರುಳಿನ ಕಡೆಯ ಮುಖ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬರಲಿ; ಒಂದು ಹಲಗೆಯ ಸೊಟ್ಟವನ್ನು ಇನ್ನೊಂದು ಹಿಡಿದಿಡುತ್ತದೆ.

ಆಮೇಲೆ ಕೀಸುಳಿ. ಮೆಟ್ಟಿಲಿನ ಹೊರ ಮೂಲೆಗಳನ್ನು ಕೀಸುತ್ತ ಹೋಗಿ, ಒಳ ಮೂಲೆಯ ಅಂಟಿನ ಗೆರೆ ಮುಟ್ಟಿದಲ್ಲಿ ನಿಲ್ಲಿ. ಆ ಗೆರೆಯೇ ನಿಮ್ಮ ಹಡಗಿನ ನಿಜವಾದ ಮೈ. ನಕ್ಷೆಯ ಅಡ್ಡಕೊಯ್ತಗಳನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ಅಚ್ಚು ಮಾಡಿಟ್ಟುಕೊಳ್ಳಿ. ರಾತ್ರಿ ದೀಪ ಆರಿಸಿ, ಅಚ್ಚನ್ನು ಒಡಲಿಗೆ ಒತ್ತಿ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ಸೋರಿದ ಕಡೆ ತಗ್ಗು, ಅಚ್ಚು ತಾಗಿ ನಿಂತ ಕಡೆ ಉಬ್ಬು. ಹಗಲಿನಲ್ಲಿ ಸರಿಯಾಗಿದೆ ಅನ್ನಿಸಿದ ಒಡಲು ರಾತ್ರಿ ಟಾರ್ಚಿಗೆ ಸಿಕ್ಕಿಬೀಳುತ್ತದೆ.

ಮರ ಯಾವುದು? ಮಂಗಳೂರಿನಲ್ಲಿ ಎಲ್ಲರೂ ಮೊದಲು ಹೇಳುವುದು ಸಾಗುವಾನಿ. ನಿಜವಾದ ಹಡಗಿಗೆ ಅದಕ್ಕಿಂತ ಮೇಲಿಲ್ಲ: 1817ರಲ್ಲಿ ಮುಂಬಯಿಯಲ್ಲಿ ಮಲಬಾರ್ ಸಾಗುವಾನಿಯಿಂದ ಕಟ್ಟಿದ ಟ್ರಿಂಕೋಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಆದರೆ ಮಾದರಿಗೆ ಅದರ ಎಳೆ ಒರಟು. ಐವತ್ತನೇ ಒಂದರಲ್ಲಿ ಅದರ ರಂಧ್ರಗಳು ಹಡಗಿನ ಕಿಟಕಿಯಂತೆ ಕಾಣುತ್ತವೆ. ಅದರಲ್ಲಿರುವ ಎಣ್ಣೆಗೆ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಹಲಸು ಕೆತ್ತಲು ಸುಲಭ, ಬಣ್ಣದಡಿಯಲ್ಲಿ ಪರವಾಗಿಲ್ಲ; ಬಣ್ಣ ಬಳಿಯದೆ ಬಿಟ್ಟರೆ ಹಳದಿ ಹೋಗಿ ಕಂದಾಗುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆಮರ ನನ್ನ ಆಯ್ಕೆ: ಬಿಳಿ, ನುಣುಪು, ಎಳೆ ಕಾಣದಷ್ಟು ಸಣ್ಣ. ಯಾವ ಮರವಾದರೂ ಒಂದು ಮಳೆಗಾಲ, ಒಂದು ಬೇಸಗೆ ನಿಮ್ಮ ಕೋಣೆಯಲ್ಲೇ ಒಣಗಿರಲಿ. ತಿರುಳಿನ ಹೊರಗೆ, ತೊಗಟೆಯ ಕಡೆಗಿರುವ ಮೆದು ಬಿಳಿಮರ ಇದ್ದರೆ ಕತ್ತರಿಸಿ ಎಸೆಯಿರಿ. ಹುಳ ಮೊದಲು ಹತ್ತುವುದು ಅಲ್ಲಿಗೇ.

ಮೇಲಿನ ಹಲಗೆ ಮುಚ್ಚುವ ಮೊದಲು ಒಡಲಿನ ತಳಕ್ಕೆ ಎರಡು ಹಿತ್ತಾಳೆ ಬೋಲ್ಟ್ ಕೂರಿಸಿ. ಪೀಠಕ್ಕೆ ಬಿಗಿಯಲು ಅವು ಬೇಕು. ಮರೆತರೆ ಕೊನೆಗೆ, ಎಲ್ಲ ಮುಗಿದ ಹಡಗನ್ನು ತಲೆಕೆಳಗಾಗಿ ಹಿಡಿದು ಡ್ರಿಲ್ ಮಾಡಬೇಕಾಗುತ್ತದೆ. ಹೊರಮೈಗೆ ಎಪಾಕ್ಸಿ ಒಳ್ಳೆಯದು. ಮಲ್ಪೆಯಲ್ಲಿ ಫೈಬರ್ ದೋಣಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗ, ಕೈಗೆ ಸಿಗುತ್ತದೆ. ಆದರೆ ಅದರ ಘಾಟು ಬೇಗ ಹೋಗುವುದಿಲ್ಲ, ಮೇಲೆ ಅಂಟಿಸುವ ಪ್ಲಾಸ್ಟಿಕ್ ಹಾಳೆಯನ್ನು ಅದು ಮೆತ್ತಗಾಗಿಸುತ್ತದೆ.

ಸೂಜಿ, ತಂತಿ ಮತ್ತು ಆಚಾರಿಯ ಅಂಗಡಿ

ಮಾದರಿಯ ಮರ್ಯಾದೆ ಉಳಿಯುವುದು ಸಣ್ಣ ಭಾಗಗಳಲ್ಲಿ. ಓಸಾ ದೋಣಿಯ ಹಿಂದು ಮುಂದು ಎರಡು ಜೋಡಿ ನಳಿಗೆಯ ಫಿರಂಗಿಗಳಿವೆ, ಗುಂಡಿನ ಅಳತೆ 30 ಮಿಲಿಮೀಟರ್. ಐವತ್ತನೇ ಒಂದಕ್ಕೆ ಇಳಿಸಿದರೆ ನಳಿಗೆಯ ರಂಧ್ರ 0.6 ಮಿಲಿಮೀಟರ್. ಇದನ್ನು ಕೊರೆಯುವ ಡ್ರಿಲ್ ಹುಡುಕಿ ನಾನು ಮಂಗಳೂರಿನ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಸುತ್ತಿದ್ದೆ. ಉತ್ತರ ಸಿಕ್ಕಿದ್ದು ಔಷಧದ ಅಂಗಡಿಯಲ್ಲಿ. 21 ಗೇಜಿನ ಇಂಜೆಕ್ಷನ್ ಸೂಜಿಯ ಹೊರ ಅಳತೆ 0.8 ಮಿಲಿಮೀಟರ್, ಒಳರಂಧ್ರ ಸುಮಾರು ಅರ್ಧ ಮಿಲಿಮೀಟರ್. ಅದು 18 ಗೇಜಿನ ಸೂಜಿಯೊಳಗೆ ಅಳತೆ ಮಾಡಿಸಿದಂತೆ ಜಾರಿ ಕೂರುತ್ತದೆ. ಬುಡ ದಪ್ಪ, ತುದಿ ಸಣ್ಣ ಇರುವ ನಳಿಗೆ ಅಲ್ಲಿಗೆ ಸಿದ್ಧ. ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದರೆ ತುದಿ ಚಪ್ಪಟೆಯಾಗಿ ರಂಧ್ರ ಮುಚ್ಚುತ್ತದೆ. ಸಣ್ಣ ಕಲ್ಲಿನ ಚಕ್ರದಲ್ಲಿ ಸುತ್ತಲೂ ತಿರುಗಿಸಿ ಕೊಯ್ದು, ತುದಿಯನ್ನು ಎಣ್ಣೆ ಹಾಕಿದ ಸಾಣೆಕಲ್ಲಿನ ಮೇಲೆ ಉಜ್ಜಿ. ಹೊಸ ಸೂಜಿಯನ್ನೇ ಕೊಳ್ಳಿ, ಚೂಪು ತುದಿಯನ್ನು ಮೊದಲೇ ತೆಗೆದುಬಿಡಿ, ಕನ್ನಡಕ ಹಾಕಿಕೊಳ್ಳಿ.

ಹಿತ್ತಾಳೆಯ ತಗಡು ಕೊಯ್ಯುವ ಸಣ್ಣ ಗರಗಸ, ಅರ, ಚಿಮಟ ಇವನ್ನೆಲ್ಲ ಚಿನ್ನದ ಕೆಲಸದ ಆಚಾರಿಗಳು ಎಲ್ಲಿ ಕೊಳ್ಳುತ್ತಾರೋ ಅಲ್ಲೇ ಕೊಳ್ಳಿ. ಅವರ ಪರಿಚಯವಾದರೆ ಬೆಸುಗೆಯ ಪಾಠವೂ ಸಿಗುತ್ತದೆ. ಉಡುಪಿಯ ರಥಬೀದಿಯ ಆಸುಪಾಸಿನ ಆಚಾರಿಯೊಬ್ಬರು ನನ್ನ ಫಿರಂಗಿಯನ್ನು ಅಂಗೈಯಲ್ಲಿಟ್ಟು ನೋಡಿ, “ಇದಕ್ಕೆ ಮೂಗುಬೊಟ್ಟಿನ ಕೆಲಸವೇ ವಾಸಿ ಮಾಸ್ಟ್ರೇ, ಅಲ್ಲಿ ಮಜೂರಿಯಾದರೂ ಸಿಗುತ್ತದೆ” ಎಂದಿದ್ದರು. ಲಂಗರಿನ ಸರಪಳಿಗೂ ಅಲ್ಲಿನ ನಕಲಿ ಒಡವೆಯ ಚೈನು ನಡೆಯುತ್ತದೆ, ಆದರೆ ಕೊಂಡಿಯ ಆಕಾರ ನೋಡಿ ಆರಿಸಬೇಕು; ಹಡಗಿನ ಸರಪಳಿಯ ದಪ್ಪ ಕೊಂಡಿಗೆ ಒಡವೆಯ ತಿರುಚಿದ ಕೊಂಡಿ ಹೋಲುವುದಿಲ್ಲ.

ಡೆಕ್ಕಿನ ಅಂಚಿನ ಕಟಾಂಜನ ಬಹಳ ಜನ ಸೋಲುವ ಜಾಗ. ಒಂದು ಮೀಟರ್ ಎತ್ತರದ ಕಂಬ ಇಲ್ಲಿ ಎರಡು ಸೆಂಟಿಮೀಟರ್. ಅರ್ಧ ಮಿಲಿಮೀಟರಿನ ಹಿತ್ತಾಳೆ ತಂತಿ ಕಂಬಕ್ಕೆ, ಅದಕ್ಕಿಂತ ಸಣ್ಣದು ಅಡ್ಡಕ್ಕೆ. ಗಟ್ಟಿ ಮರದ ಹಲಗೆಯಲ್ಲಿ ಕಂಬಗಳ ಅಂತರಕ್ಕೆ ಗೀರು ಕೊರೆದು, ತಂತಿಗಳನ್ನು ಅದರಲ್ಲಿ ಮಲಗಿಸಿ ಬೆಸೆದರೆ ಎಲ್ಲ ತುಂಡೂ ಒಂದೇ ಸಮ ಬರುತ್ತವೆ. ಬೆಸುಗೆಗೆ ಹಚ್ಚಿದ ಆಮ್ಲವನ್ನು ಅದೇ ದಿನ ಬಿಸಿನೀರು, ಹಲ್ಲುಜ್ಜುವ ಬ್ರಷ್ ಹಾಕಿ ತೊಳೆಯಿರಿ. ಬಿಟ್ಟರೆ ಆರು ತಿಂಗಳಲ್ಲಿ ಬಣ್ಣದ ಕೆಳಗಿನಿಂದ ಹಸಿರು ಕಿಲುಬು ಹೊರಬರುತ್ತದೆ. ಹಗ್ಗಗಳಿಗೆ ಪಾಲಿಯೆಸ್ಟರ್ ದಾರ. ಹತ್ತಿಯ ದಾರ ಜುಲೈಯಲ್ಲಿ ಒಂದು ಬಿಗಿ, ಜನವರಿಯಲ್ಲಿ ಇನ್ನೊಂದು. ಬಲೆಯ ನೈಲಾನ್ ಎಳೆ ಹೊಳೆಯುತ್ತದೆ, ಬೇಡ.

ಈಗ ಮೂರು ಆಯಾಮದ ಮುದ್ರಣ ಬಂದಿದೆ. ನೂರು ಒಂದೇ ತರದ ಬಾಗಿಲು, ಕೊಂಡಿ ಬೇಕಾದಾಗ ಅದು ವರವೇ. ಆದರೆ ರೆಸಿನ್ನಿನಲ್ಲಿ ಮುದ್ರಿಸಿದ ತೆಳು ಭಾಗ ಬೆಳಕಿಗೆ ಹಳದಿಯಾಗಿ ಪೆಡಸಾಗುತ್ತದೆ. ತೆಳುವಾದದ್ದು, ಉದ್ದವಾದದ್ದು ಲೋಹದಲ್ಲೇ ಇರಲಿ ಎಂಬುದು ನನ್ನ ಹಟ.

ಬಣ್ಣಕ್ಕೆ ಮುಹೂರ್ತ

ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ. ಮಳೆಗಾಲದಲ್ಲಿ ಲ್ಯಾಕರ್ ಸಿಂಪಡಿಸಿದರೆ ಥಿನ್ನರ್ ಆವಿಯಾಗುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಬ್ಬು ಕಟ್ಟುತ್ತದೆ. ಆಟಿ ತಿಂಗಳಲ್ಲಿ ಆತುರಪಟ್ಟು ನಾನೊಮ್ಮೆ ಇಡೀ ಒಡಲನ್ನು ಎರಡು ಸಲ ಉಜ್ಜಿ ತೆಗೆದಿದ್ದೇನೆ. ನಿಜವಾದ ಹಡಗಿನ ಬೂದು ಬಣ್ಣವನ್ನು ಹಾಗೆಯೇ ಮಾದರಿಗೆ ಬಳಿದರೆ ಕಪ್ಪೆನಿಸುತ್ತದೆ. ದೂರದ ಹಡಗನ್ನು ನಾವು ಗಾಳಿಯ ಮಬ್ಬಿನ ಮೂಲಕ ನೋಡಿ ರೂಢಿ. ಹತ್ತರಲ್ಲಿ ಒಂದು ಪಾಲು ಬಿಳಿ ಬೆರೆಸಿ ತುಂಡು ಹಲಗೆಯ ಮೇಲೆ ನೋಡಿ. ತುಕ್ಕು, ಕೊಳೆ ಬಳಿಯುವ ಉತ್ಸಾಹ ಬೇಡ. ಅದು ಯುದ್ಧದ ದೃಶ್ಯಕ್ಕೆ ಸರಿ, ದಾಖಲೆಗೆ ಅಲ್ಲ.

ಗಾಜಿನ ಪೆಟ್ಟಿಗೆಯೊಳಗಿನ ಹುಳಿ

ಕಟ್ಟುವವರು ಅತಿ ಕಡಿಮೆ ಯೋಚಿಸುವುದು ಪೆಟ್ಟಿಗೆಯ ಬಗ್ಗೆ. ಮಾದರಿಯನ್ನು ಕೊಲ್ಲುವುದು ಮಾತ್ರ ಹೆಚ್ಚಾಗಿ ಅದೇ.

ನನ್ನ ಆರಂಭದ ಒಂದು ಹಡಗಿಗೆ ಮಲ್ಪೆಯಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡು ಕರಗಿಸಿ ಲಂಗರು ಎರಕ ಹೊಯ್ದಿದ್ದೆ. ಪ್ಲೈವುಡ್ ತಳ, ಬಿಳಿ ಅಂಟು, ಧೂಳು ಹೋಗಬಾರದೆಂದು ಗಾಜಿನ ಸುತ್ತ ವಿನೆಗರ್ ವಾಸನೆಯ ಸಿಲಿಕೋನ್. ಎರಡು ಮಳೆಗಾಲ ಕಳೆದು ನೋಡಿದರೆ ಲಂಗರಿನ ಜಾಗದಲ್ಲಿ ಸುಣ್ಣದಂಥ ಬಿಳಿ ಪುಡಿ. ಮರ, ಪ್ಲೈವುಡ್, ಬಿಳಿ ಅಂಟು, ಆ ಸಿಲಿಕೋನ್ ಎಲ್ಲವೂ ಹುಳಿಯ ಆವಿ ಬಿಡುತ್ತವೆ. ತೇವದ ಜೊತೆ ಸೇರಿ ಅದು ಸೀಸವನ್ನು ತಿನ್ನುತ್ತದೆ. ನಾನು ಆ ಆವಿಯನ್ನೇ ಡಬ್ಬಿಯೊಳಗೆ ಹಾಕಿ ಬಿಗಿಯಾಗಿ ಮುಚ್ಚಳ ಹಾಕಿಕೊಟ್ಟಿದ್ದೆ.

ಅಂದಿನಿಂದ ಸೀಸ ಒಂದು ಗುಂಜಿಯೂ ಇಲ್ಲ, ಬೆಸುಗೆಯೂ ಸೀಸವಿಲ್ಲದ್ದು. ಪೆಟ್ಟಿಗೆಯ ಚೌಕಟ್ಟು ಅಲ್ಯೂಮಿನಿಯಮ್ ಅಥವಾ ಬಣ್ಣವನ್ನು ಬಿಸಿಯಲ್ಲಿ ಗಟ್ಟಿಯಾಗಿಸಿದ ಉಕ್ಕು. ತಳಕ್ಕೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡವೇ ಬೇಡ. ಕೆಳಗೊಂದು ಮೇಲೊಂದು ಸಣ್ಣ ಕಿಂಡಿ ಬಿಟ್ಟು ಒತ್ತು ನೇಯ್ಗೆಯ ಬಟ್ಟೆ ಕಟ್ಟಿ. ಗಾಳಿ ಆಡುತ್ತದೆ, ಧೂಳು ನಿಲ್ಲುತ್ತದೆ. ನುಸಿಗುಳಿಗೆ ಇಡುವ ಅಭ್ಯಾಸವನ್ನು ಸಿಬ್ಬಂದಿಗೆ ಹೇಳಿ ಬಿಡಿಸಿ. ಅದರ ಆವಿ ಪ್ಲಾಸ್ಟಿಕ್ ಭಾಗಗಳನ್ನು ಮೆದುಗೊಳಿಸುತ್ತದೆ.

ತೇವದ ಅಳತೆ ತೋರಿಸುವ ಸಣ್ಣ ಯಂತ್ರವನ್ನು ಪೆಟ್ಟಿಗೆಯ ಮೂಲೆಯಲ್ಲಿಡಿ. ಶೇಕಡ 65 ದಾಟಿ ಹಲವು ದಿನ ನಿಂತರೆ ಬೂಷ್ಟು ಹಿಡಿಯುವ ಭಯ. ಪುಸ್ತಕಗಳು ಹೇಳುವ ಶೇಕಡ 50 ನಮ್ಮ ಕರಾವಳಿಯಲ್ಲಿ ದಿನವಿಡೀ ಎಸಿ ಓಡಿಸದೆ ಸಿಗುವುದಿಲ್ಲ. ಹಗಲು ಎಸಿ, ರಾತ್ರಿ ಬಂದ್ ಎಂಬುದು ಅದಕ್ಕಿಂತ ಕೆಟ್ಟದು: ಮರ ದಿನಕ್ಕೊಮ್ಮೆ ಉಬ್ಬಿ ಕುಗ್ಗಿ ಬಣ್ಣ ಬಿರಿಯುತ್ತದೆ. ಹಾಗಿದ್ದರೆ ಎಸಿ ಇಲ್ಲದ, ಪಡುವಣ ಬಿಸಿಲು ಬೀಳದ ಒಳಗೋಡೆಯೇ ಮೇಲು. ಪೀಠದ ಖಾನೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಒಣಗಿಸಿ ಹಾಕಲು ಒಬ್ಬರಿಗೆ ಜವಾಬ್ದಾರಿ ಕೊಡಲಿ. ದೀಪ ಪೆಟ್ಟಿಗೆಯ ಹೊರಗಿರಲಿ. ಧ್ವಜ, ದಾರ ಇರುವ ಮಾದರಿಗೆ 50 ಲಕ್ಸ್ ಬೆಳಕು ಸಾಕು.

ಎತ್ತರವನ್ನು ದೊಡ್ಡವರ ಕಣ್ಣಿಗೆ ನಿಗದಿ ಮಾಡಬೇಡಿ. ಪೀಠ ನೆಲದಿಂದ 80 ಸೆಂಟಿಮೀಟರ್ ಇದ್ದರೆ ನಾಲ್ಕನೇ ತರಗತಿಯ ಮಗುವಿಗೆ ಡೆಕ್ ಕಾಣುತ್ತದೆ, ದೊಡ್ಡವರು ಬಗ್ಗಿಯಾರು.

ಒಪ್ಪಿಸುವಾಗ

ಮಾದರಿಯ ಜೊತೆ ಒಂದು ಕಡತ ಕೊಡಿ: ಯಾವ ತಾರೀಖಿನ ಹಡಗು, ಯಾವ ನಕ್ಷೆ, ಯಾವ ಚಿತ್ರ, ಯಾವ ಮರ, ಯಾವ ಅಂಟು, ಯಾವ ಬಣ್ಣ ಎಷ್ಟು ಪಾಲು. ಎಲ್ಲಿ ಊಹೆ ಮಾಡಿದ್ದೀರಿ ಎಂಬುದೂ ಅದರಲ್ಲಿರಲಿ. ನನ್ನ ಓಸಾದ ಕಡತದಲ್ಲಿ ಅಂತಹ ಸಾಲು ಹನ್ನೊಂದು ಇವೆ. ಒಪ್ಪಿಸಿದ ದಿನ ಅದನ್ನು ಓದಿದ ವ್ಯವಸ್ಥಾಪಕರು ಮುಖ ಸಣ್ಣದು ಮಾಡಿದ್ದರು. ಡಬ್ಬದ ಮಾತು ಹೇಳಿದ ಆ ನಿವೃತ್ತರು ಮಾತ್ರ ಪೆನ್ನು ತೆಗೆದು ಅಲ್ಲೇ ಎರಡನ್ನು ತಿದ್ದಿಕೊಟ್ಟರು.

ಒಂದು ಸಣ್ಣ ಡಬ್ಬಿಯಲ್ಲಿ ಮಿಕ್ಕ ಕಂಬ, ತಂತಿ, ಸೂಜಿ, ಸರಪಳಿಯ ತುಂಡು ಹಾಕಿ ಪೀಠದ ಖಾನೆಯಲ್ಲಿಡಿ. ಬಣ್ಣ ಬಳಿದ ತಗಡಿನ ತುಂಡೊಂದೂ ಇರಲಿ, ಮುಂದೆ ತಾಳೆ ನೋಡಲು. ಬಣ್ಣದ ಬಾಟಲಿಯನ್ನು ಮಾತ್ರ ಅಲ್ಲಿ ಇಡಬೇಡಿ, ಅದೂ ಆವಿ ಬಿಡುತ್ತದೆ. ವರ್ಷಕ್ಕೆ ಎರಡು ಸಲ, ಮೇ ಕೊನೆಯ ಪತ್ತನಾಜೆಗೆ ಮೊದಲೊಮ್ಮೆ, ದೀಪಾವಳಿಯ ನಂತರ ಇನ್ನೊಮ್ಮೆ ಪೆಟ್ಟಿಗೆ ತೆರೆದು ಮೆದು ಕುಂಚದಲ್ಲಿ ಧೂಳು ಕೊಡವಬೇಕು. ಆ ಕೆಲಸಕ್ಕೆ ನೀವೇ ಹೋಗುವುದು ಒಳ್ಳೆಯದು. ಒದ್ದೆ ಬಟ್ಟೆ ಹಿಡಿದ ಕೈ ಕಟಾಂಜನದ ಒಂದು ಬದಿಯನ್ನೇ ಎಳೆದುಕೊಂಡು ಹೋಗುತ್ತದೆ.